ಮಾತಿಗೆ ಇಳಿಸುವ ಪ್ರಶ್ನೆ ಹೇಗಿರಬೇಕು?

ಊರಿಗೊಂದು ಕೃಷಿಕರ ವಾಟ್ಸಾಪ್ ಗುಂಪು ಈಗ ಮಾಮೂಲು. ಕಟ್ಟುವುದು ಐದು ನಿಮಿಷದ ಕೆಲಸ. ಕಟ್ಟಿದ ಮೇಲೆ ಅಲ್ಲಿ ಮಾತು ಹುಟ್ಟಿಸುವುದು ಉಂಟಲ್ಲ, ಅದು ಕಷ್ಟ. ಮೊದಲ ವಾರ ಎಲ್ಲರೂ ನಮಸ್ಕಾರ ಹೇಳುತ್ತಾರೆ. ಎರಡನೇ ವಾರದಿಂದ ಶುಭೋದಯದ ಚಿತ್ರಗಳು. ತಿಂಗಳು ಕಳೆಯುವಾಗ ಮದುವೆ ಕಾಗದ, ಎಲ್ಲಿಂದಲೋ ಬಂದ ವೀಡಿಯೋ. ತೋಟದ ಮಾತು ಮಾತ್ರ ಇಲ್ಲ.

ನಮ್ಮ ಮೂರು ಗ್ರಾಮಗಳ ಅಡಿಕೆ ಬೆಳೆಗಾರರ ಗುಂಪಿಗೆ ಇದು ಏಳನೇ ವರ್ಷ. ನೋಡಿಕೊಳ್ಳುವ ಇಬ್ಬರಲ್ಲಿ ನಾನೊಬ್ಬ. ಯಾವ ವಿಷಯ ಎತ್ತಿದರೆ ಜನ ಬಾಯಿ ಬಿಡುತ್ತಾರೆ, ಯಾವುದಕ್ಕೆ ಕೈ ಮುಗಿದ ಚಿತ್ರ ಹಾಕಿ ಸುಮ್ಮನಾಗುತ್ತಾರೆ ಎಂಬುದನ್ನು ಇಷ್ಟು ವರ್ಷ ನೋಡುತ್ತ ಬಂದಿದ್ದೇನೆ. ಹೊಸದಾಗಿ ಗುಂಪು ಕಟ್ಟುವವರಿಗೆ, ಅಥವಾ ಊರಲ್ಲಿ ತಿಂಗಳಿಗೊಮ್ಮೆ ಕೂತು ಮಾತಾಡುವ ಕ್ರಮ ಇಟ್ಟುಕೊಂಡವರಿಗೆ ಉಪಯೋಗ ಆದೀತು ಎಂದು ಬರೆಯುತ್ತಿದ್ದೇನೆ.

ದೊಡ್ಡ ವಿಷಯಕ್ಕೆ ಬಾಯಿ ಕಟ್ಟುತ್ತದೆ

'ಅಡಿಕೆಗೆ ಭವಿಷ್ಯ ಉಂಟೋ?' ಎಂದು ಕೇಳಿ ನೋಡಿ. ಮಾತು ಗೊತ್ತಿರುವ ಇಬ್ಬರು ಉದ್ದಕ್ಕೆ ಬರೆಯುತ್ತಾರೆ. ಉಳಿದವರು ಓದುತ್ತಾರೆ, ಅಥವಾ ಓದುವುದೂ ಇಲ್ಲ. ಭವಿಷ್ಯವನ್ನು ಯಾರೂ ಕಂಡದ್ದಿಲ್ಲ ನೋಡಿ. ಹೇಳಿದ್ದು ತಪ್ಪಾದರೆ ಎಂಬ ಅಳುಕು ಬೇರೆ. 'ಸಾವಯವವೋ ರಾಸಾಯನಿಕವೋ' ಎಂಬ ವಿಷಯವೂ ಇದೇ ಜಾತಿಯದ್ದು. ಅದರಲ್ಲಿ ಜಗಳ ಬೇಕಾದಷ್ಟು ಸಿಗುತ್ತದೆ, ಅನುಭವ ಸಿಗುವುದಿಲ್ಲ.

ಅದರ ಬದಲು ಒಂದು ಜೂನ್ ತಿಂಗಳಲ್ಲಿ ನಾವು ಕೇಳಿದ್ದು ಇಷ್ಟೇ: 'ನಿಮ್ಮಲ್ಲಿ ಮೊದಲ ಬೋರ್ಡೋ ಯಾವ ತಾರೀಕಿಗೆ ಹೊಡೆದಾಯಿತು? ಹೊಡೆದ ಮೇಲೆ ಎಷ್ಟು ಗಂಟೆ ಮಳೆ ಬಿಟ್ಟಿತ್ತು?' ಎರಡು ದಿನ ಫೋನು ಬಡಿದುಕೊಳ್ಳುತ್ತಲೇ ಇತ್ತು. ವರ್ಷಗಟ್ಟಲೆ ಒಂದಕ್ಷರ ಬರೆಯದವರೂ 'ಮೇ 28, ಇಡೀ ದಿನ ಒಣ' ಎಂದು ಬರೆದರು. ಉತ್ತರ ಅವರ ಕೈಯಲ್ಲೇ ಇತ್ತು, ಒಂದು ಗೆರೆಯಲ್ಲಿ ಮುಗಿಯುತ್ತಿತ್ತು, ಅದನ್ನು ತಪ್ಪು ಎನ್ನಲು ಯಾರಿಗೂ ಆಗುತ್ತಿರಲಿಲ್ಲ. ಒಬ್ಬರು ಮನೆಯಂಗಳದಲ್ಲಿ ಮಳೆಮಾಪಕ ಇಟ್ಟು ದಿನಾ ಮಿಲ್ಲಿಮೀಟರ್ ಲೆಕ್ಕ ಬರೆದಿಡುವವರು ನಮ್ಮ ಮಧ್ಯೆಯೇ ಇದ್ದಾರೆಂದು ಗೊತ್ತಾದದ್ದೂ ಆಗಲೇ.

ಸಣ್ಣ ಪ್ರಶ್ನೆ ಎಂದು ಸಸಾರ ಮಾಡಬೇಡಿ. ನಾವು ಹೊಡೆಯುವ ಈ ಬೋರ್ಡೋ ದ್ರಾವಣವೇ ಅಂಥದೊಂದು ಸಣ್ಣ ಪ್ರಶ್ನೆಯಿಂದ ಹುಟ್ಟಿದ್ದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳಿಗೆ ಆಗ ಬೂಜುತುಪ್ಪಟ ರೋಗ ಬಡಿದಿತ್ತು. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಒಂದು ತೋಟದ ಬದಿಯಲ್ಲಿ ಹೋಗುವಾಗ ವಿಚಿತ್ರ ಕಂಡ. ತೋಟದ ಒಳಗೆಲ್ಲ ಎಲೆ ಉದುರಿದೆ, ರಸ್ತೆಗೆ ತಾಗಿದ ಸಾಲುಗಳಲ್ಲಿ ಮಾತ್ರ ಎಲೆ ಹಾಗೇ ಉಂಟು! ಅವನು ಅಲ್ಲಿಯ ಮೇಲ್ವಿಚಾರಕನನ್ನು ರೋಗಕ್ಕೆ ಪರಿಹಾರವೇನು ಎಂದು ಕೇಳಲಿಲ್ಲ. ಈ ಸಾಲಿಗೆ ಏನು ಹಾಕಿದ್ದೀರಿ ಎಂದು ಕೇಳಿದ. ದಾರಿಹೋಕರು ಹಣ್ಣು ಕದಿಯದಿರಲಿ ಎಂದು, ನೋಡುವಾಗ ವಿಷದ ಹಾಗೆ ಕಾಣುವಂತೆ ತಾಮ್ರದ ಉಪ್ಪು ಮತ್ತು ಸುಣ್ಣ ಎರಚಿದ್ದರಂತೆ. ಪ್ರಯೋಗಗಳನ್ನು ಮಾಡಿ 1885ರಲ್ಲಿ ಮಿಲಾರ್ಡೆ ಅದನ್ನು ಲೋಕಕ್ಕೆ ಹೇಳಿದ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ನಮ್ಮ ಕೊಳೆರೋಗವನ್ನು ಅಭ್ಯಾಸ ಮಾಡಿ ಅದೇ ದ್ರಾವಣವನ್ನು ಅಡಿಕೆಗೆ ತಂದ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಇಂದು ನಮ್ಮ ಮಕ್ಕಳಿಗೂ ಬಾಯಿಪಾಠ. ಆ ಮೇಲ್ವಿಚಾರಕನಿಗೆ ಗೊತ್ತಿದ್ದದ್ದು ಕಳ್ಳರ ವಿಷಯ. ರೋಗದ ಮದ್ದು ಕೇಳಿದ್ದರೆ ಅವನು ಬಾಯಿ ಬಿಡುತ್ತಿದ್ದನೋ ಇಲ್ಲವೋ!

ಮೊದಲು ನಿಮ್ಮದನ್ನು ಹೇಳಿ

ಕೇಳುವವರು ತನ್ನದನ್ನು ಹೇಳದೆ ಕೇಳಿದರೆ ಅದು ಪರೀಕ್ಷೆಯ ಪ್ರಶ್ನೆಯ ಹಾಗೆ ಆಗುತ್ತದೆ. 'ಫೈಬರ್ ದೋಟಿ ಬಗ್ಗೆ ಅಭಿಪ್ರಾಯ ತಿಳಿಸಿ' ಎಂದರೆ ಯಾರೂ ತಿಳಿಸುವುದಿಲ್ಲ. 'ನಾನು ದೋಟಿ ತೆಗೆದು ಎರಡು ವರ್ಷ ಆಯಿತು, ಗೊನೆ ಕೀಳಲು ಅಡ್ಡಿಯಿಲ್ಲ, ಮದ್ದು ಬಿಡುವಾಗ ಕುತ್ತಿಗೆ ನೋವು ತಡೆಯುವುದಿಲ್ಲ, ನಿಮಗೆ ಹೇಗೆ?' ಎನ್ನಿ. ಕುತ್ತಿಗೆ ನೋವಿದ್ದವರೆಲ್ಲ ಬರುತ್ತಾರೆ. ನಮ್ಮಲ್ಲಿ ಹಾಗೆ ಬಂದವರಲ್ಲಿ ಒಬ್ಬರು, ಮಧ್ಯಾಹ್ನದ ಮೇಲೆ ಮೇಲೆ ನೋಡುವ ಕೆಲಸವನ್ನೇ ಬಿಟ್ಟು ಹೆಕ್ಕುವ ಕೆಲಸ ಇಟ್ಟುಕೊಂಡದ್ದನ್ನು ಹೇಳಿದರು. ಯಾವ ತರಬೇತಿಯಲ್ಲೂ ಇದು ಸಿಗುವುದಿಲ್ಲ ಮಾರಾಯ್ರೇ.

ಹಾಗೆಂದು ನಮ್ಮದನ್ನು ಪೂರ್ತಿ ಹೇಳಿ ಮುಗಿಸಲೂ ಬಾರದು. ಎಲ್ಲ ಬಲ್ಲವರು ಒಂದು ಪುಟ ಬರೆದು ಕೊನೆಗೆ 'ಚರ್ಚೆ ನಡೆಯಲಿ' ಎಂದರೆ ಚರ್ಚೆಗೆ ಉಳಿದದ್ದೇನು?

ಕಾಲ ನೋಡಿ ಎತ್ತಿ

ಕೈಯಲ್ಲಿ ಯಾವ ಕೆಲಸ ಉಂಟೋ ಅದೇ ಬಾಯಲ್ಲೂ ಇರುತ್ತದೆ. ಫೆಬ್ರವರಿಯಲ್ಲಿ ಕೊಳೆರೋಗದ ಮಾತೆತ್ತಿದರೆ ಯಾರಿಗೆ ಬೇಕು? ಆಗ ಕೇಳಬೇಕಾದದ್ದು 'ನಿಮ್ಮ ಬಾವಿಯಲ್ಲಿ ನೀರು ಎಷ್ಟು ಕೋಲು ಇಳಿಯಿತು?' ಎಂದು. ಈ ಪ್ರಶ್ನೆಯನ್ನು ಪ್ರತಿವರ್ಷ ಶಿವರಾತ್ರಿಯ ಆಸುಪಾಸಿನಲ್ಲಿ ಕೇಳುತ್ತೇವೆ. ಈಗ ನಮ್ಮಲ್ಲಿ ಐದು ವರ್ಷದ ಲೆಕ್ಕ ಉಂಟು. ಹೊಸ ಕೊಳವೆಬಾವಿ ತೆಗೆಯಲು ಹೊರಟವರು ಮೊದಲು ಅದನ್ನು ಕೇಳಿ ನೋಡುತ್ತಾರೆ. ಇನ್ನೊಂದು, ಮಳೆಗಾಲದಲ್ಲಿ ಬಿಸಿಲು ಬಂದ ದಿನ ಗುಂಪಿನಲ್ಲಿ ಏನೂ ಕೇಳಬೇಡಿ. ಎಲ್ಲರೂ ಮದ್ದಿನ ಡ್ರಮ್ಮಿನ ಹತ್ತಿರ ಇರುತ್ತಾರೆ.

ಅಡಿಕೆ ಒಣಗಿಸುವ ವಿಷಯ ಎತ್ತಿದಾಗ ಬೇರೆಯೇ ಒಂದು ಸಂಗತಿ ಆಯಿತು. ಚಾಲಿಗೆ 40-45 ಬಿಸಿಲು ಎಂಬುದು ಎಲ್ಲರಿಗೂ ಗೊತ್ತು. ಡಿಸೆಂಬರಿನಲ್ಲಿ ಅಕಾಲ ಮಳೆ ಹೊಡೆದ ವಾರ 'ಅಂಗಳದ ಅಡಿಕೆಯನ್ನು ಹೇಗೆ ಉಳಿಸಿಕೊಂಡಿರಿ?' ಎಂದು ಕೇಳಿದೆವು. ಗಂಡಸರ ನಂಬರಿನಿಂದ ಹೆಂಗಸರ ಧ್ವನಿ ಬರತೊಡಗಿತು! ಅಡಿಕೆ ರಾಶಿ ಮಾಡುವವರು, ಟಾರ್ಪಾಲು ಎಳೆಯುವವರು, ಅಡಿಕೆ ಅಲ್ಲಾಡಿಸಿ ಸದ್ದಿನಲ್ಲೇ ಒಣಗಿದ್ದು ತಿಳಿಯುವವರು ಅವರೇ ತಾನೇ? ಗುಂಪಿಗೆ ಸೇರಿಸುವಾಗ ಅವರನ್ನು ಯಾರೂ ನೆನೆಸಿರಲಿಲ್ಲ. ಈಗ 30ಕ್ಕಿಂತ ಹೆಚ್ಚು ಮಂದಿ ಅವರದ್ದೇ ನಂಬರಿನಲ್ಲಿ ಇದ್ದಾರೆ. ಟೈಪು ಮಾಡಲು ಪುರುಸೊತ್ತಿಲ್ಲದವರು ಮಾತಾಡಿಯೇ ಕಳಿಸಲಿ, ಮೂರು ನಿಮಿಷ ಮೀರದಿದ್ದರೆ ಸಾಕು.

ರೇಟಿನ ಮಾತು ಬೇಡವೇ ಎಂದು ಕೇಳಬಹುದು. ಇರಲಿ, ಇಂದು ಎಲ್ಲಿ ಎಷ್ಟು ಎಂಬ ಸುದ್ದಿ ಎಲ್ಲರಿಗೂ ಬೇಕು. ಆದರೆ ಅದು ಸುದ್ದಿ ಅಷ್ಟೆ. ಏರೀತೋ ಇಳಿದೀತೋ ಎಂಬ ಪಂಚಾತಿಕೆಗೆ ಕೊನೆಯಿಲ್ಲ, ಮತ್ತು ಅದು ಉಳಿದ ಮಾತನ್ನು ನುಂಗುತ್ತದೆ. 2022ರಲ್ಲಿ ಮಲೆನಾಡು-ಕರಾವಳಿಯ ಹಲವು ಕಡೆ ಎಲೆಚುಕ್ಕಿ ರೋಗ ಜೋರಾಯಿತು. ಆ ಮಳೆಗಾಲ ಮುಗಿಯುವಾಗ ನಾವು 'ಹಿಂದೆ ಕಾಣದ್ದು ಏನಾದರೂ ತೋಟದಲ್ಲಿ ಕಂಡಿರೋ?' ಎಂದು ಕೇಳಿದೆವು. ಗುಡ್ಡೆಯ ಆಚೆ ಬದಿಯ ಒಬ್ಬರು ಸೋಗೆಯ ಚುಕ್ಕಿಯನ್ನು ಅದರ ಹಿಂದಿನ ವರ್ಷವೇ ಕಂಡಿದ್ದರಂತೆ. ಹೇಳಲಿಲ್ಲ ಯಾಕೆ ಎಂದರೆ, 'ಎಲ್ಲರೂ ರೇಟಿನ ಗೌಜಿಯಲ್ಲಿ ಇದ್ದರು, ನಡುವೆ ಇದನ್ನು ಹಾಕುವುದು ಹೇಗೆ?' ಎಂದರು. ಈಗ 'ಹಿಂದೆ ಕಾಣದ್ದು ಏನು ಕಂಡಿರಿ?' ಎಂಬ ಪ್ರಶ್ನೆ ಪ್ರತಿ ತಿಂಗಳ ಮೊದಲ ಆದಿತ್ಯವಾರ ತಪ್ಪದೆ ಇರುತ್ತದೆ. ಹೆಚ್ಚಿನ ಸಲ ಏನೂ ಬರುವುದಿಲ್ಲ. ಬರಲಿಕ್ಕೇ ಬೇಕೆಂದಿಲ್ಲ.

ಹೇಳಲು ಮರ್ಯಾದೆ ಅಡ್ಡ ಬಂದರೆ

ಎಲ್ಲಕ್ಕಿಂತ ಕಷ್ಟ ಹಳದಿ ರೋಗದ ವಿಷಯ. ನಮ್ಮಿಂದ ಸುಳ್ಯದ ಬದಿಗೆ ಹೋದ ಹಾಗೆ ಅದು ಹೆಚ್ಚು. ತೋಟಕ್ಕೆ ಹಳದಿ ಬಂದಿದೆ ಎಂದು ಬಾಯಿಬಿಟ್ಟರೆ ಜಾಗಕ್ಕೆ ಕ್ರಯ ಇಲ್ಲ, ಬ್ಯಾಂಕಿನವರ ಮುಖ ಬೇರೆ, ಮಕ್ಕಳ ಸಂಬಂಧದ ಮಾತಿಗೂ ಅದು ಬಂದು ನಿಲ್ಲುತ್ತದೆ. 'ಯಾರ ತೋಟದಲ್ಲಿ ಹಳದಿ ಉಂಟು?' ಎಂದು ಗುಂಪಿನಲ್ಲಿ ಕೇಳುವುದು, ಜಾತ್ರೆಯಲ್ಲಿ ನಿಂತು ಯಾರಿಗೆಲ್ಲ ಸಾಲ ಉಂಟು ಎಂದು ಕೂಗಿದ ಹಾಗೆ. ಒಬ್ಬರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ನನ್ನ ಜೊತೆಗಾರರು ಅದನ್ನು ತಿರುಗಿಸಿ ಕೇಳಿದರು: 'ಸುತ್ತಲಿನ ಮರಗಳೆಲ್ಲ ಹಳದಿಯಾದರೂ ಹತ್ತು ವರ್ಷದಿಂದ ಹಸಿರಾಗಿಯೇ ನಿಂತು ಫಸಲು ಕೊಡುವ ಮರ ಯಾರಲ್ಲಾದರೂ ಉಂಟೋ?' ಮೊದಲ ದಿನ ಸುದ್ದಿಯೇ ಇಲ್ಲ. ಎರಡನೇ ದಿನ ರಾತ್ರಿ ಒಂದು ಫೋಟೋ ಬಂತು. ಮತ್ತೆರಡು ದಿನದಲ್ಲಿ ಇನ್ನೂ ನಾಲ್ಕು. ಅಂಥ ಮರ ತಮ್ಮಲ್ಲಿ ಉಂಟು ಎನ್ನುವುದರಲ್ಲೇ ತೋಟಕ್ಕೆ ರೋಗ ಬಂದದ್ದನ್ನೂ ಹೇಳಿದ ಹಾಗಾಯಿತು. ಆದರೆ ತಲೆ ತಗ್ಗಿಸಿ ಅಲ್ಲ. ಅವರಲ್ಲಿರುವುದು ಬೇರೆಯವರಿಗೆ ಬೇಕಾದ ಮರ! ಸಿಪಿಸಿಆರ್‌ಐ ವಿಜ್ಞಾನಿಗಳು ರೋಗ ಹೆಚ್ಚಿರುವ ಜಾಗಗಳಲ್ಲಿ ಹುಡುಕುತ್ತಿರುವುದೂ ಇಂಥ ಮರಗಳನ್ನೇ, ರೋಗ ತಡೆಯುವ ತಳಿ ಮಾಡುವ ಆಸೆಯಿಂದ. ಒಂದು ಮರ ಉಳಿದದ್ದು ಅದರ ಗುಣದಿಂದಲೋ, ಬರೀ ಅದೃಷ್ಟದಿಂದಲೋ ಎಂದು ತಿಳಿಯಲು ವರ್ಷಗಳು ಬೇಕು. ಆ ಐದೂ ಮರಗಳಿಗೆ ಬಣ್ಣದ ಪಟ್ಟಿ ಕಟ್ಟಿ, ಆರು ತಿಂಗಳಿಗೊಮ್ಮೆ ಫೋಟೋ ಹಾಕುವುದೆಂದು ಮಾತಾಗಿದೆ. ಒಂದು ಮರ ಈ ನಡುವೆ ಹಳದಿಗೆ ತಿರುಗಿತು. ಅದನ್ನೂ ಅವರು ಮುಚ್ಚಿಡದೆ ಹಾಕಿದರು.

ಕೇಳಿದವರಿಗೊಂದು ಕೆಲಸ ಉಳಿಯುತ್ತದೆ. ಬಂದ ಉತ್ತರಗಳನ್ನು ಗುಡ್ಡೆ ಹಾಕಿ ಬಿಟ್ಟರೆ ಎರಡು ದಿನದಲ್ಲಿ ಮೇಲೆ ಹೋಗಿ ಮಾಯವಾಗುತ್ತವೆ, ಮುಂದಿನ ಸಲ ಯಾರೂ ಹೇಳುವುದಿಲ್ಲ. ನಾವು ಎಂಟನೇ ದಿನ ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಫೋಟೋ ತೆಗೆದು ಗುಂಪಿಗೆ ಹಾಕುತ್ತೇವೆ. ಸ್ಮಾರ್ಟ್ ಫೋನ್ ಇಲ್ಲದ ಹಿರಿಯರಿಗಾಗಿ ಅದರ ಪ್ರತಿಯೊಂದನ್ನು ಹಾಲಿನ ಸೊಸೈಟಿಯಲ್ಲಿ ಅಂಟಿಸುತ್ತೇವೆ. ಹಾಲು ಅಳೆಯಲು ಬಂದವರು ಅಲ್ಲಿ ನಿಂತು ಆಡಿದ ಮಾತು ಎಷ್ಟೋ ಸಲ ಗುಂಪಿನ ಮಾತಿಗಿಂತ ಚೆನ್ನಾಗಿತ್ತು. ಅದನ್ನು ಬರೆದುಕೊಳ್ಳಲು ಈಗ ಹಾಳೆಯ ಪಕ್ಕದಲ್ಲಿ ದಾರ ಕಟ್ಟಿದ ಒಂದು ಪೆನ್ನು ನೇತುಹಾಕಿದ್ದೇವೆ.

ಬರುವ ಆಟಿಗೆ ತೆಗೆದಿಟ್ಟ ಪ್ರಶ್ನೆ: 'ಕೆಳಗಿನ ಸೋಗೆಯಲ್ಲಿ ಮೊದಲ ಚುಕ್ಕಿ ಕಂಡದ್ದು ಯಾವ ವಾರ, ತೋಟದ ಯಾವ ಮೂಲೆಯಲ್ಲಿ?' ನಿಮ್ಮೂರಿನಲ್ಲೂ ಕೇಳಿ ನೋಡಿ. ಉತ್ತರಗಳನ್ನು ಪತ್ರಿಕೆಗೆ ಬರೆದರೆ ಎರಡೂ ಊರಿನದ್ದನ್ನು ತಾಳೆ ನೋಡಬಹುದು.