ಕಬ್ಬಿಣದ ದೋಣಿ ತೇಲುವುದೇಕೆ, ಮುಳುಗುವುದೆಂದು?

ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ರಸ್ತೆ, ಸೇತುವೆಗಳ ಜೊತೆಗೆ ದೋಣಿ ಕಡವುಗಳನ್ನೂ ಸಂವಿಧಾನದ 11ನೇ ಅನುಸೂಚಿಯು ಹೆಸರಿಸಿದೆ. ನದಿ ಅಥವಾ ಹಿನ್ನೀರಿನ ದಡದ ಗ್ರಾಮಗಳಲ್ಲಿ ದೋಣಿಗೆ ಎಷ್ಟು ಜನರನ್ನು ಹತ್ತಿಸಬಹುದೆಂದು ಕೇಳಿದರೆ, ‘ಇದುವರೆಗೆ ಏನೂ ಆಗಿಲ್ಲ’ ಎಂಬ ಉತ್ತರವೇ ಸಾಮಾನ್ಯವಾಗಿ ದೊರೆಯುತ್ತದೆ. ಅದು ಲೆಕ್ಕವಲ್ಲ. ಲೆಕ್ಕವು ಸಾಂದ್ರತೆಯಿಂದ ಆರಂಭವಾಗುತ್ತದೆ.

ನಿರ್ದಿಷ್ಟ ಗಾತ್ರದ ವಸ್ತುವಿನಲ್ಲಿ ಅಡಕವಾಗಿರುವ ದ್ರವ್ಯರಾಶಿಯೇ ಅದರ ಸಾಂದ್ರತೆ. 1 ಲೀಟರ್ ನೀರು 1 ಕಿ.ಗ್ರಾಂ. ತೂಗುತ್ತದೆ. ಅಷ್ಟೇ ಗಾತ್ರದ ಅಲ್ಯುಮಿನಿಯಂ 2.7, ಕಬ್ಬಿಣ ಸುಮಾರು 7.9, ತಾಮ್ರ ಸುಮಾರು 9, ಸೀಸ 11.3 ಕಿ.ಗ್ರಾಂ. ತೂಗುತ್ತವೆ. ಇವುಗಳ ಗಟ್ಟಿ ತುಂಡುಗಳೆಲ್ಲವೂ ನೀರಿನಲ್ಲಿ ಮುಳುಗುತ್ತವೆ. ಆದರೆ ಬಾವಿಗೆ ಜಾರಿದ ತಾಮ್ರದ ಕೊಡವು ನೀರು ತುಂಬುವವರೆಗೆ ತೇಲುತ್ತಿದ್ದು, ತುಂಬಿದೊಡನೆ ತಳ ಸೇರುತ್ತದೆ; ಅನಂತರ ಪಾತಾಳಗರಡಿಯೇ ಗತಿ. ಲೋಹವು ಬದಲಾಗಲಿಲ್ಲ, ಒಳಗಿನ ಗಾಳಿಯ ಜಾಗಕ್ಕೆ ನೀರು ಬಂದಿತು. ಗಾಳಿಯೂ ಸೇರಿದ ಇಡೀ ಕೊಡದ ಸರಾಸರಿ ಸಾಂದ್ರತೆಯು ನೀರಿನದಕ್ಕಿಂತ ಕಡಿಮೆ ಇರುವವರೆಗೆ ಮಾತ್ರ ಅದು ತೇಲಬಲ್ಲದು. ಕಬ್ಬಿಣದ ದೋಣಿಯ ಸ್ಥಿತಿಯೂ ಇದೇ.

ತೇಲುವ ವಸ್ತುವು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂಬುದು ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನ ತತ್ತ್ವದಿಂದ ತಿಳಿದುಬರುತ್ತದೆ. 6 ಮೀಟರ್ ಉದ್ದ, 1.5 ಮೀಟರ್ ಅಗಲ, 45 ಸೆಂ.ಮೀ. ಎತ್ತರದ ಚಪ್ಪಟೆ ತಳದ ದೋಣಿಯೊಂದನ್ನು ಊಹಿಸಿಕೊಳ್ಳಬಹುದು. ಪ್ರತಿ 90 ಕಿ.ಗ್ರಾಂ. ಭಾರಕ್ಕೆ ಅದು 1 ಸೆಂ.ಮೀ. ಇಳಿಯುತ್ತದೆ. ದೋಣಿಯ ಸ್ವಂತ ತೂಕ 450 ಕಿ.ಗ್ರಾಂ. ಆದರೆ 5 ಸೆಂ.ಮೀ.; ತಲಾ 60 ಕಿ.ಗ್ರಾಂ. ತೂಗುವ 20 ಜನರಿಗೆ ಇನ್ನು 13 ಸೆಂ.ಮೀ. ನೀರಿನ ಮೇಲೆ ಅಂಚು 27 ಸೆಂ.ಮೀ. ಉಳಿಯಿತು. ಜಾತ್ರೆಯ ದಿನ 40 ಜನ ಹಾಗೂ ತಲಾ 120 ಕಿ.ಗ್ರಾಂ.ನ ಮೂರು ಬೈಕುಗಳು ಏರಿದರೆ ಉಳಿಯುವುದು ಸುಮಾರು 9 ಸೆಂ.ಮೀ., ಅಂದರೆ ಒಂದು ಅಂಗೈ ಅಗಲ.

ನಿಂತ ನೀರಿನಲ್ಲಿ ಆಗಲೂ ದೋಣಿ ಮುಳುಗದು. ‘ಏನೂ ಆಗಿಲ್ಲ’ ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಆದರೆ ಜನರು ಒಂದೇ ಬದಿಗೆ ಸರಿದು ಆ ಅಂಚು 9 ಸೆಂ.ಮೀ. ತಗ್ಗಿದರೆ ನೀರು ಒಳನುಗ್ಗುತ್ತದೆ. ನುಗ್ಗಿದ ನೀರು ತಗ್ಗಿದ ಬದಿಗೇ ಹರಿದು ಅದನ್ನು ಮತ್ತಷ್ಟು ತಗ್ಗಿಸುತ್ತದೆ. ಅನಂತರ ಹುಟ್ಟು ಹಾಕುವವನ ಅನುಭವವೂ ಉಪಯೋಗಕ್ಕೆ ಬಾರದು.

ಬ್ರಿಟನ್ನಿನಲ್ಲಿ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್‌ನ ಹೋರಾಟದಿಂದ 1876ರಲ್ಲಿ ಹಡಗುಗಳ ಹೊರಮೈಗೆ ಭಾರಮಿತಿಯ ಗೆರೆ ಕಡ್ಡಾಯವಾಯಿತು. ಆದರೆ ಗೆರೆ ಎಲ್ಲಿರಬೇಕೆಂಬುದನ್ನು ಹಡಗಿನ ಒಡೆಯರಿಗೇ ಬಿಡಲಾಗಿತ್ತು; ಆ ಲೋಪವನ್ನು ಸರಿಪಡಿಸಲು 1890ರ ಕಾನೂನು ಬೇಕಾಯಿತು. ಕಡವಿನಲ್ಲಿಯೂ ಗೆರೆಯ ಸ್ಥಾನವನ್ನು ಗುತ್ತಿಗೆದಾರನಿಗೆ ಬಿಡದೆ ಇಂಜಿನಿಯರರಿಂದ ನಿರ್ಧರಿಸುವುದು ಯುಕ್ತ. ಹರಿಗೋಲಿನ ತಳವು ದುಂಡಾಗಿರುವುದರಿಂದ ಮೇಲಿನ ಲೆಕ್ಕ ಅದಕ್ಕೆ ಹೊಂದದು. ದಡದ ಬಳಿ ತೂಗಿದ ಮರಳಿನ ಚೀಲಗಳನ್ನು ಒಂದೊಂದಾಗಿ ಏರಿಸಿ, ಅದು ಎಷ್ಟು ಭಾರಕ್ಕೆ ಎಷ್ಟು ಇಳಿಯುತ್ತದೆಂಬುದನ್ನು ಅಳೆಯಬೇಕಾಗುತ್ತದೆ.