ಪಚ್ಚೆತೆನೆಯ ಹುಳುವಿಗೆ ಮಣ್ಣಿನ ಬ್ಯಾಕ್ಟೀರಿಯಾ



ಅಡಿಕೆಯ ನೆರಳಿನಲ್ಲಿ ಪಚ್ಚೆತೆನೆ ಹಾಕಿದ ಸದಸ್ಯರು ಕಚೇರಿಗೆ ಬಂದಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: “ಕಾರ್ಯದರ್ಶಿಗಳೆ, ಎಲೆ ಸುತ್ತಿ ತಿನ್ನುವ ಹುಳುವಿಗೆ ಏನು ಹೊಡೆಯೋಣ?” ಈ ಬೆಳೆಯಲ್ಲಿ ಎಣ್ಣೆ ತೆಗೆಯುವುದೇ ಎಲೆಯಿಂದ. ಎಲೆಗೆ ಹೊಡೆದ ವಿಷದ ಅಂಶ ಎಣ್ಣೆಯಲ್ಲಿ ಉಳಿದರೆ ಮಾಲು ಹಿಂದಕ್ಕೆ ಬಂದೀತು. ಆದುದರಿಂದ ಮಣ್ಣಿನ ಬ್ಯಾಕ್ಟೀರಿಯಾಗಳ ವಿಷಯ ತಿಳಿದಿರುವುದು ಒಳ್ಳೆಯದು.

ಇವುಗಳಲ್ಲಿ ಎರಡು ಬಗೆ. ಎರಡೂ ಪುಡಿಯ ರೂಪದಲ್ಲಿಯೂ ಸಿಗುವುದರಿಂದ ನಮ್ಮವರು ಒಂದರ ಕೆಲಸಕ್ಕೆ ಇನ್ನೊಂದನ್ನು ಬಳಸುತ್ತಾರೆ.

ಸ್ಯೂಡೋಮೊನಾಸ್ ಫ್ಲೋರೆಸೆನ್ಸ್, ಬ್ಯಾಸಿಲಸ್ ಸಬ್ಟಿಲಿಸ್ ಮೊದಲಾದವು ಬೇರಿನ ಮೇಲೆ ನೆಲೆಸಿ, ಬೇರು ಒಸರುವ ರಸವನ್ನುಂಡು ಬದುಕುತ್ತವೆ. ಇವು ಹುಳುವನ್ನು ನೇರವಾಗಿ ಕೊಲ್ಲಲೆಂದು ಹಾಕುವ ಔಷಧಿಗಳಲ್ಲ. ಇವುಗಳ ಸಹವಾಸದಿಂದ ಗಿಡ ಮೊದಲೇ ಎಚ್ಚೆತ್ತಿರುತ್ತದೆ. ಹುಳು ಕಚ್ಚಿದೊಡನೆ ತನ್ನ ರಕ್ಷಣೆಯ ದ್ರವ್ಯಗಳನ್ನು ಬೇಗನೆ ತಯಾರಿಸುತ್ತದೆ. ಸುಗಂಧ ಸಸ್ಯಗಳಲ್ಲಿ ಇನ್ನೊಂದು ಲಾಭವೂ ಉಂಟು. ಅರ್ಜೆಂಟೀನಾದ ರಿಯೊ ಕ್ವಾರ್ತೊ ವಿಶ್ವವಿದ್ಯಾಲಯದ ವಿಜ್ಞಾನಿಯೂ ಇದ್ದ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬ್ಯಾಸಿಲಸ್ ಬೇರನ್ನು ಮುಟ್ಟದೆ, ಅದು ಹೊರಬಿಡುವ ಆವಿ ಮಾತ್ರ ತಾಗಿದರೂ ಕಾಮಕಸ್ತೂರಿಯಲ್ಲಿ ಎಣ್ಣೆ ಹೆಚ್ಚಿತು. ಲವಂಗಕ್ಕೆ ವಾಸನೆ ಕೊಡುವ ಯುಜಿನಾಲ್ ಸಹ ಹೆಚ್ಚಿತು. ಇಂಥ ಪರಿಮಳದ ದ್ರವ್ಯಗಳಲ್ಲಿ ಹಲವನ್ನು ಗಿಡ ಮಾಡಿಕೊಳ್ಳುವುದು ಕೀಟಗಳನ್ನು ದೂರವಿಡಲು, ನಮ್ಮ ಸಾಬೂನಿಗಾಗಿ ಅಲ್ಲ!

ಇನ್ನೊಂದು ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಅಂದರೆ ಬಿಟಿ. ಇದನ್ನು ಎಲೆಗೆ ಸಿಂಪಡಿಸಬೇಕು. ಎಲೆಯೊಡನೆ ಇದನ್ನು ತಿಂದ ಕಂಬಳಿಹುಳು, ಎಲೆಸುರುಳಿ ಹುಳುಗಳ ಕರುಳು ಒಡೆದು ಅವು ಸಾಯುತ್ತವೆ. ರಸ ಹೀರುವ ತಿಗಣೆಗೆ ಇದು ನಾಟದು. ಬಿಸಿಲಿಗೆ ಸತ್ವ ಕಳೆದುಕೊಳ್ಳುವುದರಿಂದ ಸಂಜೆಯ ಹೊತ್ತು ಹೊಡೆಯತಕ್ಕದ್ದು. ಜಪಾನಿನಲ್ಲಿ 1901ರಲ್ಲಿ ಇಶಿವಾಟ ಎಂಬವರು ಇದನ್ನು ಕಂಡುಹಿಡಿದದ್ದು ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ. ನೆರೆಯವರ ಹಿಪ್ಪುನೇರಳೆ ಸಮೀಪವಿದ್ದರೆ ಇದರ ಗೊಡವೆಯೇ ಬೇಡ.

ಯಲ್ಲಾಪುರದ ಕಡೆಯ ನನ್ನ ತೋಟದಲ್ಲಿ ನಾನೂ ಒಮ್ಮೆ ಕೆಟ್ಟೆ. ಹುಳು ಬಿದ್ದು ಎಲೆ ಜಾಲರಿಯಾದ ಮೇಲೆ ಸ್ಯೂಡೋಮೊನಾಸ್ ತಂದು ಬುಡಕ್ಕೆ ಸುರಿದೆ. ಅದೂ ತಗಡಿನ ಮಾಡಿನ ಕೆಳಗಿಟ್ಟಿದ್ದ, ಅವಧಿ ಮೀರಿದ ಪೊಟ್ಟಣ. ಅದೇ ವಾರ ಕೊಳೆರೋಗಕ್ಕೆಂದು ಮೇಲೆ ಬೋರ್ಡೋ ದ್ರಾವಣ ಹೊಡೆಸಿದೆ. ಮೈಲುತುತ್ತದ ಹನಿಯೆಲ್ಲ ಪಚ್ಚೆತೆನೆಯ ಬುಡಕ್ಕೇ ಇಳಿಯಿತು. ರೋಗದ ಶಿಲೀಂಧ್ರವನ್ನು ಕೊಲ್ಲುವ ತಾಮ್ರ ಬ್ಯಾಕ್ಟೀರಿಯಾವನ್ನು ಉಳಿಸುತ್ತದೆಯೆ? ಆ ವರ್ಷ ಕೊಯ್ಲಿಗೆ ಸಿಕ್ಕಿದ್ದು ಕಡ್ಡಿ.

ಈಗ ನಾಟಿಗೆ ಮೊದಲೇ ಒಂದು ಲೀಟರ್ ನೀರಿಗೆ 10 ಗ್ರಾಂ ಪುಡಿ ಕದಡಿ, ಬೇರುಬಿಟ್ಟ ಸಸಿಗಳನ್ನು ಅರ್ಧ ಗಂಟೆ ಅದ್ದಿಡುತ್ತೇನೆ. ಎಕರೆಗೆ ಒಂದು ಕಿಲೋ ಪುಡಿಯನ್ನು 20 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ತೇವವಿರುವ ಮಣ್ಣಿಗೆ ಕೊಡುತ್ತೇನೆ. ಇದಕ್ಕೂ ಬೋರ್ಡೋ ಸಿಂಪಡಣೆಗೂ ಕನಿಷ್ಠ 15 ದಿನಗಳ ಅಂತರವಿಡುತ್ತೇನೆ. ಹುಳು ಕಂಡರೆ ಆಗ ಬಿಟಿ.

ಮಾಳಮಡ್ಡಿಯ ಮನೆಯ ಹಿತ್ತಿಲಿನಲ್ಲಿಯೂ ಕಾಮಕಸ್ತೂರಿಯ ಒಂದು ಸಾಲಿಗೆ ಬ್ಯಾಕ್ಟೀರಿಯಾ ಕೊಟ್ಟು, ಇನ್ನೊಂದನ್ನು ಹಾಗೆಯೇ ಬಿಟ್ಟಿದ್ದೆ. ಹುಳು ಎರಡಕ್ಕೂ ಬಂತು. ಕೊಟ್ಟ ಸಾಲಿನಲ್ಲಿ ಎಲೆ ಹೆಚ್ಚು ಉಳಿಯಿತು. ಎರಡೇ ಸಾಲಿನಿಂದ ಏನೂ ಸಿದ್ಧವಾಗದು. ಪುಡಿಗಾಗಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ, ತಯಾರಿಯ ತಾರೀಖು ನೋಡಿ ಕೊಳ್ಳಿರಿ. ನಿಮ್ಮ ತೋಟದಲ್ಲಿಯೂ ಒಂದು ಸಾಲನ್ನು ಏನೂ ಕೊಡದೆ ಬಿಟ್ಟು, ಎರಡರ ಎಲೆಯನ್ನೂ ಬೇರೆಬೇರೆ ತೂಗಿ, ಲೆಕ್ಕವನ್ನು ಕಚೇರಿಗೆ ತಲುಪಿಸಿರಿ.