ಒಡೆದ ಬಳೆಗಳ ತೋಟ

ಒಡೆದ ಬಳೆ, ಬಿರುಕು ಬಿಟ್ಟ ಪಿಂಗಾಣಿ ಬಟ್ಟಲು, ಸುಟ್ಟುಹೋದ ಪ್ಲಗ್ಗು. ಇವೆಲ್ಲ ತಿಪ್ಪೆಗೆ ಹೋಗುವ ವಸ್ತುಗಳಲ್ಲವೆ? ಚಂಡೀಗಢದ ರಾಕ್ ಗಾರ್ಡನ್‌ನಲ್ಲಿ ಇಂಥವುಗಳಿಂದಲೇ ಮಾಡಿದ ನೂರಾರು ಗೊಂಬೆಗಳಿವೆ. ಬಳೆಚೂರುಗಳನ್ನೇ ಉಡುಪಿನಂತೆ ತೊಟ್ಟ ಹೆಂಗಸರ ಸಾಲೂ ಇದೆ!

ಇದನ್ನು ಕಟ್ಟಿದವರು ನೇಕ್ ಚಂದ್ (1924–2015). ರಸ್ತೆ ಕಾಮಗಾರಿ ನೋಡಿಕೊಳ್ಳುತ್ತಿದ್ದ ಸರ್ಕಾರಿ ನೌಕರರು. ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷಗಳನ್ನು ಸೈಕಲ್ ಮೇಲೆ ತಂದು, ಕಾಡಿನ ಮರೆಯಲ್ಲಿ ವರ್ಷಗಟ್ಟಲೆ ಗುಟ್ಟಾಗಿ ಕೆಲಸ ಮಾಡಿದರು.

ಚೂರುಗಳು ಉದುರುವುದಿಲ್ಲವೆ? ಅವನ್ನು ಹಸಿ ಸಿಮೆಂಟಿನಲ್ಲಿ ಒತ್ತಿ ಕೂರಿಸಲಾಗಿದೆ. ಸಿಮೆಂಟು ಬರೀ ಒಣಗಿ ಗಟ್ಟಿಯಾಗುವುದಿಲ್ಲ. ನೀರಿನೊಂದಿಗೆ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತದೆ. ಅದಕ್ಕೇ ಗಾರೆಯವರು ಹೊಸ ಗೋಡೆಗೆ ದಿನವೂ ನೀರು ಹಾಕುವುದು. ಪಿಂಗಾಣಿಯ ಒಡೆದ ಅಂಚು ಒರಟು, ಅಲ್ಲಿ ಸಿಮೆಂಟಿಗೆ ಹಿಡಿತ ಸಿಗುತ್ತದೆ. ಗಾಜು, ಪಿಂಗಾಣಿ ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ತಿಪ್ಪೆಯಲ್ಲಿ ತೊಂದರೆಯಾಗುವ ಗುಣವೇ ಗೊಂಬೆಗೆ ವರವಾಯಿತು.

1970ರ ದಶಕದಲ್ಲಿ ಗುಟ್ಟು ಬಯಲಾಯಿತು. ಅದು ಕಟ್ಟಡ ಕಟ್ಟಬಾರದ ಜಾಗ. ಕೆಡವುವ ಮಾತೂ ಬಂತು. ಆದರೆ ಕಣ್ಣಾರೆ ಕಂಡ ಜನ ಉಳಿಸಬೇಕೆಂದರು. 1976ರಲ್ಲಿ ತೋಟ ಸಾರ್ವಜನಿಕರಿಗೆ ತೆರೆಯಿತು. 1984ರಲ್ಲಿ ನೇಕ್ ಚಂದ್‌ರಿಗೆ ಪದ್ಮಶ್ರೀ ಬಂತು.

ನೀವೂ ಮಾಡಿ ನೋಡಿ. ಗಾಜು ಬೇಡ, ಕೈ ಕೊಯ್ಯುತ್ತದೆ. ಜೇಡಿಮಣ್ಣು, ತೆಂಗಿನ ಚಿಪ್ಪು, ಅಂಗಿಯ ಗುಂಡಿ, ಪೆನ್ನಿನ ಮುಚ್ಚಳ ಸಾಕು. ಗೆಳೆಯರ ಗೊಂಬೆ ನೋಡಿ "ಚೆನ್ನಾಗಿದೆ" ಎಂದಷ್ಟೇ ಹೇಳಬೇಡಿ. ಯಾವ ಚೂರು ಏನಾಗಿದೆ? ಚಿಪ್ಪಿನ ಬಾಗು ಆಮೆಯ ಬೆನ್ನಾಯಿತೆ? ಅಲ್ಲಾಡಿಸಿದರೆ ಉದುರುತ್ತದೆಯೆ? ದುಬಾರಿ ಬಣ್ಣ ಬಳಿದದ್ದಕ್ಕೆ ಮಾತ್ರ ಹೆಚ್ಚು ಅಂಕ ಕೊಡಬೇಡಿ.